ನೀರಿನ ಟ್ಯಾಂಕ್ ಮೇಲೆ, ಸಾವಿರ ಅಡಿ

ವಿಚಾರಣೆಗೆ ಇನ್ನು ಎಂಟು ದಿನ ಉಳಿದಿತ್ತು. ಆ ಎಂಟು ದಿನ ಹೇಗಾದರೂ ಕಳೆದು, ಆ ದನದ ಡಾಕ್ಟರು ಇನ್ನು ಈ ಜನ್ಮದಲ್ಲಿ ವಿಮಾನದ ಬಾಗಿಲು ಮುಟ್ಟುವ ಹಾಗಿಲ್ಲ ಎಂದು ತೀರ್ಮಾನವಾಗಿಬಿಟ್ಟರೆ ಸಾಕು, ಆಮೇಲೆ ತನಗೆ ಏನಾದರೂ ಆಗಲಿ ಎಂದು ಮೇಸ್ತ್ರಿ ಕಾಯುತ್ತಿದ್ದ. ಬೇರೆ ಯಾವ ಆಸೆಯೂ ಅವನಿಗೆ ಉಳಿದಿರಲಿಲ್ಲ. ಮಗಳು ಸತ್ತು ನಾಲ್ಕು ತಿಂಗಳಾಗಿತ್ತು.

ಅವನಿಗೆ ಅರವತ್ತೊಂದು ವರ್ಷ. ಮೂವತ್ತನಾಲ್ಕು ವರ್ಷದಿಂದ ಅದೇ ಸಣ್ಣ ವಿಮಾನ ನಿಲ್ದಾಣದಲ್ಲಿ ಎಂಜಿನ್ ಬಿಚ್ಚುವುದು, ಜೋಡಿಸುವುದು. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಮೇಸ್ತ್ರಿ. ನಿಲ್ದಾಣ ಎನ್ನುವುದೂ ಸ್ವಲ್ಪ ಹೆಚ್ಚೇ ಆಯಿತು. ಒಂದು ರನ್‌ವೇ, ಕಂಬದ ತುದಿಗೆ ಗಾಳಿಯ ದಿಕ್ಕು ತೋರಿಸುವ ಒಂದು ಗಾಳಿಚೀಲ, ಒಂದು ತಗಡಿನ ಶೆಡ್ಡು, ಒಂದೇ ಕೋಣೆಯ ಆಫೀಸು, ಅದರೊಳಗೆ ಯಾವಾಗಲೂ ಕೆಟ್ಟೇ ಇರುವ ಗಡಿಯಾರ. ಅಷ್ಟೆ. ದೊಡ್ಡ ನಿಲ್ದಾಣಗಳಲ್ಲಾದರೆ ಟವರ್ ಇರುತ್ತದೆ, ಅದರಲ್ಲಿ ಕೂತವರು ನೀನು ಇಳಿ, ನೀನು ಕಾಯಿ, ನೀನು ಬಲಕ್ಕೆ ತಿರುಗು ಎಂದು ಹೇಳುತ್ತಾರೆ. ಇಲ್ಲಿ ಟವರೂ ಇಲ್ಲ, ಹೇಳುವವರೂ ಇಲ್ಲ. ಬರುವವರು ಹೋಗುವವರು ಎಲ್ಲ ರೇಡಿಯೊದ ಒಂದೇ ಚಾನೆಲ್ಲಿನಲ್ಲಿ ತಾವು ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ, ಎತ್ತ ಹೊರಟಿದ್ದೇವೆ ಎಂದು ತಾವೇ ಹೇಳಿಕೊಳ್ಳಬೇಕು. ಕೇಳಿಸಿಕೊಂಡವರು ಕಣ್ಣುಬಿಟ್ಟು ಹುಡುಕಿ ಪಕ್ಕಕ್ಕೆ ಸರಿಯಬೇಕು. ಇದಕ್ಕೆಲ್ಲ ಪುಸ್ತಕದಲ್ಲಿ ಗೊತ್ತುಮಾಡಿದ ಪದಗಳಿವೆ. ಆದರೆ ಇಲ್ಲಿ ಹಾರುವವರು ಒಟ್ಟು ಹನ್ನೊಂದು ಮಂದಿ, ಎಲ್ಲರಿಗೂ ಎಲ್ಲರ ಗಂಟಲೂ ಗೊತ್ತು. ಪುಸ್ತಕ ಬೀರುವಿನಲ್ಲಿ ಬೆಚ್ಚಗಿತ್ತು, ಮಾತು ಮನೆಯಲ್ಲಿ ಆಡಿದ ಹಾಗೇ ನಡೆದುಕೊಂಡು ಬಂದಿತ್ತು.

ಮಗಳು, ಅವನ ಬಾಯಲ್ಲಿ ಪುಟ್ಟಿ, ಬೆಳೆದದ್ದು ಆ ಶೆಡ್ಡಿನಲ್ಲೇ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅವಳ ಅಮ್ಮ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದಳು. ಗಾಲಿಮಂಚದ ಮೇಲೆ ಮಲಗಿ ಒಳಗೆ ಹೋಗುವಾಗ ಗಂಡನ ಕೈ ಬಿಡಿಸಿಕೊಂಡು ‘ಹೋಗ್ತೀನಿ ಕಣ್ರೀ’ ಅಂದಳು. ಹೋದವಳು ಹೋದಳೇ. ಅಂದಿನಿಂದ ಮೇಸ್ತ್ರಿಗೆ ಆ ಮಾತು ಕಂಡರೆ ಆಗದು. ಅಂಗಡಿಗೆ ಹೊರಟರೂ ಸರಿ, ಮಗಳು ಬರ್ತೀನಿ ಅಂತಲೇ ಹೇಳಬೇಕಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಸಲ ಒಬ್ಬಳೇ ಹಾರುವ ದಿನ ಅವಳು ಖುಷಿಯ ಭರದಲ್ಲಿ ರೆಕ್ಕೆಯ ಪಕ್ಕದ ಮೆಟ್ಟಿಲ ಮೇಲೆ ನಿಂತು, “ಹೋಗ್ತೀನಪ್ಪಾ!” ಎಂದು ಕೂಗಿದ್ದಳು.

“ಬಿಡ್ತು ಅನ್ನು!” ಎಂದು ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದ್ದ. “ಇಳಿ ಕೆಳಗೆ. ಬರ್ತೀನಿ ಅಂತ ಹೇಳಿ ಆಮೇಲೆ ಹತ್ತು.”

“ಎಲ್ರೂ ನೋಡ್ತಿದಾರೆ ಅಪ್ಪ.”

“ನೋಡ್ಲಿ. ನಾಲ್ಕು ಜನ ನೋಡಿದ್ರೆ ನಿನ್ನ ಮೂಗೇನು ಸವೆಯಲ್ಲ.”

ಅವಳು ಇಳಿದಳು, ಬರ್ತೀನಿ ಅಂದಳು, ಹತ್ತಿದಳು. ಮುಂದೆ ಅವಳೇ ಬೇರೆಯವರಿಗೆ ಹಾರುವುದನ್ನು ಕಲಿಸುವ ಮೇಡಂ ಆದಳು. ವಾರಕ್ಕೆ ಎರಡು ದಿನ ಉತ್ತರದ ಕಡೆಯ ಇನ್ನೊಂದು ನಿಲ್ದಾಣಕ್ಕೆ ಪಾಠ ಹೇಳಲು ಹಾರಿಕೊಂಡು ಹೋಗುತ್ತಿದ್ದಳು. ದಾರಿಯಲ್ಲಿ ಊರಿನ ನೀರಿನ ಟ್ಯಾಂಕ್ ಸಿಗುತ್ತದೆ. ಅದರ ಮೇಲೆ ಬಂದಾಗ ರೇಡಿಯೊದಲ್ಲಿ ತನ್ನ ಜಾಗ ಹೇಳಿ, ಕೊನೆಗೆ ‘ಬರ್ತೀನಿ ಅಪ್ಪ’ ಅನ್ನುತ್ತಿದ್ದಳು. ಶೆಡ್ಡಿನ ಮೊಳೆಗೆ ನೇತುಹಾಕಿದ್ದ ಕೈರೇಡಿಯೊ ಎತ್ತಿ, ಗುಂಡಿ ಒತ್ತಿ, ಮೇಸ್ತ್ರಿ ‘ಬಾ’ ಎಂದು ಕಳಿಸಿಕೊಡುತ್ತಿದ್ದ. ನಿಜ ಹೇಳಬೇಕೆಂದರೆ ಆ ರೇಡಿಯೊದಲ್ಲಿ ಮಾತಾಡುವ ಪರವಾನಗಿ ಅವನಿಗಿರಲಿಲ್ಲ, ಕೇಳುವುದಕ್ಕಷ್ಟೇ ಕೊಟ್ಟದ್ದು. ಒಂದು ಮಾತಿಗೆ ಯಾರು ಏನು ತಕರಾರು ಮಾಡುತ್ತಾರೆ? ಹನ್ನೆರಡು ವರ್ಷ ಯಾರೂ ಮಾಡಲಿಲ್ಲ. ಮೇಡಂ ಹತ್ತಿರ ಕಲಿಯಲು ಬರುತ್ತಿದ್ದ ಔಷಧಿ ಅಂಗಡಿಯ ಯಜಮಾನಿಯಂತೂ, “ನಮ್ಮ ಮೇಸ್ತ್ರಿ ಮಾವ ಹೇಳೋವರೆಗೂ ಆ ವಿಮಾನ ಟ್ಯಾಂಕ್ ದಾಟಲ್ಲ” ಎಂದು ನಗುತ್ತಿದ್ದಳು.

ಆ ದಿನ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ, ಮೋಡ ತಗ್ಗಿನಲ್ಲಿದ್ದ ಕಾರಣ ಹೆಚ್ಚು ಮೇಲೆ ಏರಲಾಗದೆ, ಮಗಳ ವಿಮಾನ ನೀರಿನ ಟ್ಯಾಂಕಿನ ಹತ್ತಿರ ಸಾವಿರ ಅಡಿಯಲ್ಲಿ ಹೋಗುತ್ತಿದ್ದಾಗ, ಎದುರಿನಿಂದ ಬಂದ ದನದ ಡಾಕ್ಟರ ವಿಮಾನ ಅದಕ್ಕೆ ಬಡಿಯಿತು. ದೂರದ ಹಟ್ಟಿಗಳಿಗೆ ತನ್ನದೇ ವಿಮಾನದಲ್ಲಿ ಹೋಗಿ ದನಗಳಿಗೆ ಔಷಧ ಮಾಡುವ ಮನುಷ್ಯ ಆತ. ಪೆಟ್ರೋಲ್ ಹಾಕಿಸಿಕೊಳ್ಳಲು ಅದೇ ಮೊದಲ ಸಲ ಈ ಕಡೆ ಬರುತ್ತಿದ್ದ. ಅರ್ಧ ರೆಕ್ಕೆ ಕಳೆದುಕೊಂಡು ಹೊಲವೊಂದರಲ್ಲಿ ಬಿದ್ದ ಅವನ ಎಡಗಾಲು ಮೂರು ಕಡೆ ಮುರಿಯಿತು, ಜೀವ ಉಳಿಯಿತು. ಮಗಳದ್ದು ಉಳಿಯಲಿಲ್ಲ.

ಮೇಸ್ತ್ರಿಗೆ ಸದ್ದೇ ಕೇಳಿಸಿರಲಿಲ್ಲ. ಮಗಳನ್ನು ಕಳಿಸಿಕೊಟ್ಟವನೇ ರೇಡಿಯೊವನ್ನು ಮೊಳೆಗೆ ಸಿಕ್ಕಿಸಿ, ಟೈರಿಗೆ ಗಾಳಿ ತುಂಬಲು ಕಂಪ್ರೆಸರ್ ಹಾಕಿದ್ದ. ಅದರ ಗಲಾಟೆಯಲ್ಲಿ ಲೋಕವೇ ಮುಳುಗಿದರೂ ಕೇಳಿಸುವುದಿಲ್ಲ. ಕಂಪ್ರೆಸರ್ ನಿಲ್ಲಿಸಿದಾಗ ಆಫೀಸಿನ ಫೋನು ಹೊಡೆದುಕೊಳ್ಳುತ್ತಿತ್ತು. ಅವನು ಕೈ ಒರೆಸಿಕೊಂಡು, ಆರಾಮಾಗಿ ನಡೆದುಕೊಂಡು ಹೋಗಿ ಎತ್ತಿದ. ಹಾಗೆ ಆರಾಮಾಗಿ ನಡೆದದ್ದನ್ನು ಅವನು ಇನ್ನೂ ಕ್ಷಮಿಸಿಕೊಂಡಿರಲಿಲ್ಲ.

ಆ ಚಾನೆಲ್ಲಿನ ಮಾತನ್ನು ಯಾರೂ ಎಲ್ಲೂ ಮುದ್ರಿಸಿಕೊಳ್ಳುವುದಿಲ್ಲ. ಆಡಿದ ಮಾತು ಗಾಳಿಗೆ. ಹಾಗಾಗಿ ತನಿಖೆಗೆ ಬಂದ ಅಧಿಕಾರಿ ಕೇಳಿಸಿಕೊಂಡವರನ್ನೇ ಕೇಳಬೇಕಾಯಿತು. ಕೇಳಿಸಿಕೊಂಡವರು ಇಬ್ಬರೇ. ಒಬ್ಬ ಆಸ್ಪತ್ರೆಯಲ್ಲಿದ್ದ. ಇನ್ನೊಬ್ಬ ಮೇಸ್ತ್ರಿ.

“ನಿಮ್ಮ ಮಗಳು ತಾನು ಹೊರಡ್ತಿದ್ದೀನಿ ಅಂತ ರೇಡಿಯೊದಲ್ಲಿ ಹೇಳಿದ್ರಾ?” ಎಂದು ಅಧಿಕಾರಿ ಕೇಳಿದ್ದರು. ಮೆತ್ತಗಿನ ಮನುಷ್ಯ, ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ.

“ಹೇಳಿದ್ಲು ಸಾರ್. ನಾನೇ ಕಿವಿಯಾರೆ ಕೇಳಿಸ್ಕೊಂಡೆ.”

“ಕೆಳಗಿನಿಂದ ಯಾರಾದ್ರೂ ಅವರನ್ನ ಇಳಿಯೋಕೆ ಕರೆದ್ರಾ?”

“ಯಾಕೆ ಕರೀತಾರೆ ಸಾರ್? ಅವಳು ಹೊರಟಿದ್ದವಳು. ಯಾರೂ ಕರೀಲಿಲ್ಲ.”

ಎರಡೂ ಉತ್ತರವನ್ನು ಅವನು ಎದೆ ಮುಟ್ಟಿಕೊಂಡು ಹೇಳಿದ್ದ. ಒಂದರಲ್ಲೂ ಅವನಿಗೆ ಸುಳ್ಳು ಕಾಣಲಿಲ್ಲ. ಅಧಿಕಾರಿ ಬರೆದುಕೊಂಡು ಹೋದರು. ದನದ ಡಾಕ್ಟರು ಬೇರೇನೋ ಕಥೆ ಹೇಳುತ್ತಿದ್ದಾನಂತೆ ಎಂದು ಆಮೇಲೆ ಸುದ್ದಿ ಬಂತು. ಹೇಳದೆ ಏನು ಮಾಡುತ್ತಾನೆ, ಕೊಂದವನು, ಎಂದು ಮೇಸ್ತ್ರಿ ಹಲ್ಲು ಕಚ್ಚಿದ. ಒಂದು ರೀತಿಯಲ್ಲಿ ಆ ಸಿಟ್ಟೇ ಅವನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಅವನು ಶೆಡ್ಡಿಗೆ ಬರುವುದನ್ನು ಬಿಟ್ಟಿರಲಿಲ್ಲ. ಬಂದು ವಿಮಾನಗಳ ಗಾಜು ಒರೆಸುತ್ತಿದ್ದ. ಮಗಳು ತನ್ನ ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳುತ್ತಿದ್ದುದು ಗಾಜಿನ ಮಾತನ್ನೇ. ಗಾಜಿನಲ್ಲಿ ಅತ್ತಿತ್ತ ಸರಿಯುವ ಚುಕ್ಕೆಗೆ ಹೆದರಬೇಡಿ, ಅದು ಪಕ್ಕದಲ್ಲಿ ಹಾದುಹೋಗುತ್ತದೆ. ನಿಂತಲ್ಲೇ ನಿಂತು ದಪ್ಪವಾಗುವ ಚುಕ್ಕೆಗೆ ಹೆದರಿ, ಅದು ನಿಮ್ಮ ಮೇಲೇ ಬರುತ್ತಿದೆ. ಆದ್ದರಿಂದಲೇ ಗಾಜಿನ ಮೇಲೆ ಒಂದು ಸೊಳ್ಳೆ ಸತ್ತು ಅಂಟಿದ್ದರೂ ಅವಳು ಅಪ್ಪನನ್ನು ಕರೆದು ತೋರಿಸುತ್ತಿದ್ದಳು. “ಮೇಸ್ತ್ರಿಗಳೇ, ಇದ್ಯಾರು? ನಿಮ್ಮ ನೆಂಟರಾ?” ಈಗ ಹಾಗೆ ರೇಗಿಸುವವರಿಲ್ಲದೆ ಅವನು ಒಂದೇ ಗಾಜನ್ನು ಅರ್ಧ ಗಂಟೆ ಒರೆಸುತ್ತಿದ್ದ.

ಹಾಗೆ ಒರೆಸುತ್ತಿರುವಾಗ, ವಿಚಾರಣೆಗೆ ಎಂಟು ದಿನ ಇದೆ ಅನ್ನುವಾಗ, ಒಬ್ಬ ಹೆಂಗಸು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ಐವತ್ತರ ಆಸುಪಾಸು. ಕುತ್ತಿಗೆಯಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ತೆಗೆದಿಡಲು ಮರೆತು ಬಸ್ಸು ಹತ್ತಿರಬೇಕು.

“ನಾನು ದನದ ಡಾಕ್ಟ್ರ ಅಕ್ಕ,” ಅಂದಳು. “ಟೈಲರಿಂಗ್ ಅಂಗಡಿ ಇಟ್ಕೊಂಡಿದೀನಿ. ಬೈಯೋದಿದ್ರೆ ಮೊದ್ಲು ಬೈದುಬಿಡಿ, ಆಮೇಲೆ ಮಾತಾಡ್ತೀನಿ.”

ಮೇಸ್ತ್ರಿ ಆಕೆಯನ್ನು ಮೇಲಿನಿಂದ ಕೆಳಗೆ ನೋಡಿದ. ಸ್ಟೂಲನ್ನು ಕಾಲಿನಿಂದ ಆಕೆಯ ಕಡೆ ದೂಡಿದ. ಬಟ್ಟೆ ಮಾತ್ರ ಗಾಜಿನ ಮೇಲೆ ಆಡುತ್ತಲೇ ಇತ್ತು.

ಆಕೆ ಕೂತು ಚೀಲದಿಂದ ಒಂದು ಕಾಗದ ತೆಗೆದಳು. “ಅಮ್ಮ ಹೋದ್ಮೇಲೆ ಅವನನ್ನ ಸಾಕಿದ್ದು ನಾನು. ಮಗುವಾಗಿದ್ದಾಗಿಂದ ಸುಳ್ಳು ಹೇಳೋಕೆ ಬರಲ್ಲ ಅವನಿಗೆ. ಹೇಳಿದ್ರೆ ಕಿವಿ ಕೆಂಪಾಗತ್ತೆ. ಇಲ್ಲಿ ಮೂರು ಮಾತು ಹೇಳಿದಾನೆ. ಮೂರೂ ಸುಳ್ಳು ಅಂತ ನಿಮ್ಮ ಹೇಳಿಕೆಯಿಂದ ಆಗಿದೆ. ವಿಚಾರಣೇಲಿ ಅವನ ಲೈಸೆನ್ಸ್ ಹೋಗತ್ತೆ, ಅದು ಹೋಗ್ಲಿ. ಮೇಲೆ ಕೇಸು ಹಾಕ್ತಾರಂತೆ, ಒಂದು ಜೀವ ತೆಗೆದ ಅಂತ. ಅವನು ಊಟ ಬಿಟ್ಟಿದಾನೆ ಮೇಸ್ತ್ರಿ. ನಾನೇ ಹುಚ್ಚನೇನೋ, ಇಲ್ಲದ್ದು ಕೇಳಿಸ್ತೇನೋ ಅಂತ ಕೇಳ್ತಾನೆ ನನ್ನ.”

“ಏನು ಮೂರು ಮಾತು?”

ಆಕೆ ಕನ್ನಡಕ ಏರಿಸಿ ಓದಿದಳು. ಆಫೀಸಿನವರು ಬರೆದುಕೊಂಡ ಭಾಷೆ ಅದು, ಇಸ್ತ್ರಿ ಹಾಕಿದ್ದು. “ಒಂದು. ‘ಸದರಿ ಮಹಿಳಾ ಪೈಲಟ್ ತಾವು ನಿಲ್ದಾಣದ ಕಡೆಗೆ ಆಗಮಿಸುತ್ತಿರುವುದಾಗಿ ತಿಳಿಸಿದರು.’ ಎರಡು. ‘ನೆಲದಿಂದ ಪುರುಷ ಧ್ವನಿಯೊಂದು ಅವರನ್ನು ಇಳಿಯಲು ಆಹ್ವಾನಿಸಿತು. ಆದ್ದರಿಂದ ಅವರು ನನ್ನ ಮುಂದೆ, ನಾನು ಹೋಗುವ ದಿಕ್ಕಿನಲ್ಲೇ ಹೋಗುತ್ತಿರುವರೆಂದು ಭಾವಿಸಿ, ಅವರ ಹಿಂದೆ ಬರುವುದಾಗಿ ತಿಳಿಸಿದೆ. ಅವರು ಸರಿ ಎಂದರು.’ ಮೂರು. ‘ಡಿಕ್ಕಿಯ ಕ್ಷಣದಲ್ಲಿ ಅವರು ಮುಂದೆ ನೋಡದೆ, ಹಿಂದಕ್ಕೆ ತಿರುಗಿ ನೋಡುತ್ತಿದ್ದರು.’”

ಮೇಸ್ತ್ರಿ ಬಟ್ಟೆ ಬಿಸಾಡಿದ.

“ಹಿಂದಕ್ಕೆ ನೋಡ್ತಿದ್ಲಂತಾ? ನನ್ನ ಮಗಳು? ಅವಳು ಕಲಿಸೋಳಮ್ಮ, ಹತ್ತು ಜನಕ್ಕೆ ಮುಂದೆ ನೋಡೋದು ಕಲಿಸಿದೋಳು! ಸತ್ತವಳು ಎದ್ದು ಬಂದು ಜವಾಬು ಕೊಡಲ್ಲ ಅಂತ ಏನು ಬೇಕಾದ್ರೂ ಹೇಳಬಹುದಾ? ಇಲ್ಲಿ ಯಾರೂ ಆಹ್ವಾನ ಗೀಹ್ವಾನ ಮಾಡ್ಲಿಲ್ಲ. ಶೆಡ್ಡಲ್ಲಿ ಇದ್ದೋನು ನಾನೊಬ್ಬನೇ. ಅವಳು ಹೊರಟಿದ್ಲು, ಹೊರಟಿದೀನಿ ಅಂತ ನನಗೇ ಹೇಳಿ ಹೊರಟ್ಲು. ನಿಮ್ಮ ತಮ್ಮ ಸುಳ್ಳ. ಕಿವಿ ಕೆಂಪಾಗಿದೆಯೋ ಇಲ್ವೋ, ಹೋಗಿ ನೋಡಿ.”

ಆಕೆ ತಿರುಗಿ ಜೋರು ಮಾಡಲಿಲ್ಲ. ಕಾಗದ ಮಡಿಸಿದಳು, ಮಡಿಕೆಯನ್ನು ಉಗುರಿನಿಂದ ಎರಡು ಸಲ ತೀಡಿದಳು, ಚೀಲಕ್ಕೆ ಹಾಕಿಕೊಂಡಳು. ಎದ್ದು ನಿಂತು ಸ್ಟೂಲನ್ನು ಮೊದಲಿದ್ದ ಜಾಗಕ್ಕೆ ಇಟ್ಟಳು.

“ನಿಮ್ಮ ಹೊಟ್ಟೆ ಉರಿ ನಂಗೆ ಗೊತ್ತಾಗತ್ತೆ ಮೇಸ್ತ್ರಿ. ತೊಂದ್ರೆ ಕೊಟ್ಟೆ, ಬೇಜಾರು ಮಾಡ್ಕೋಬೇಡಿ. ಬರ್ತೀನಿ.”

“ಬನ್ನಿ,” ಅಂದ ಮೇಸ್ತ್ರಿ.

ಆಕೆ ಬೆನ್ನು ತಿರುಗಿಸಿ ಹೊರಟಳು. ಬಾಗಿಲು ದಾಟಿದಳು, ಗಾಳಿಚೀಲದ ಕಂಬ ದಾಟಿದಳು, ರಸ್ತೆಯ ಕಡೆಗೆ ಸಣ್ಣವಾಗುತ್ತ ಹೋದಳು. ಬನ್ನಿ ಎಂದು ಕರೆದವನು ಆಕೆ ಹೋಗುವುದನ್ನೇ ನೋಡುತ್ತ ನಿಂತಿದ್ದ. ಆಕೆ ಬರ್ತೀನಿ ಅಂದು ಹೋದಳು. ತಾನು ಬನ್ನಿ ಅಂದು ಕಳಿಸಿದ. ಬಿಸಾಡಿದ ಬಟ್ಟೆ ಎತ್ತಿಕೊಳ್ಳಲು ಬಗ್ಗಿದ ಮೇಸ್ತ್ರಿ ಅರ್ಧಕ್ಕೇ ನಿಂತ.

ಅವನು ಬಂದು ಅದೇ ಸ್ಟೂಲಿನ ಮೇಲೆ ಕೂತ. ಆ ಬೆಳಗಿನ ಮಾತನ್ನು ನಾಲ್ಕು ತಿಂಗಳಲ್ಲಿ ಸಾವಿರ ಸಲ ಮನಸ್ಸಿನಲ್ಲಿ ಕೇಳಿಕೊಂಡಿದ್ದ. ಈಗ ಒಂದು ಸಲ ಬೇರೆಯವನ ಕಿವಿಯಿಂದ ಕೇಳಿಕೊಂಡ. ಈ ಕಡೆ ಎಂದೂ ಬಾರದವನು, ಮಗಳ ಗಂಟಲು ಗೊತ್ತಿಲ್ಲದವನು, ಟ್ಯಾಂಕ್ ಹುಡುಕಿಕೊಂಡು ಬರುತ್ತಿರುವವನು. ಅವನಿಗೆ ಕೇಳಿಸಿದ್ದು ಏನು?

ನೀರಿನ ಟ್ಯಾಂಕ್ ಮೇಲೆ, ಸಾವಿರ ಅಡಿ. ಬರ್ತೀನಿ ಅಪ್ಪ.

ಬಾ.

ಎಲ್ಲಿದ್ದೀಯ, ಎಷ್ಟು ಎತ್ತರ, ಎತ್ತ ಕಡೆ. ಮೂರೂ ಹೇಳಬೇಕು, ಮೂರನೆಯದನ್ನು ನುಂಗಿದವರಿಗೆ ಮೇಡಂ ಆ ದಿನ ವಿಮಾನ ಮುಟ್ಟಲು ಬಿಡುತ್ತಿರಲಿಲ್ಲ. ಅವಳೇ ಮೂರನೆಯದನ್ನು ಹೇಳಬೇಕಾದ ಕಡೆ ಬರ್ತೀನಿ ಅಂದಿದ್ದಳು. ಯಾಕೆಂದರೆ ಹೋಗ್ತೀನಿ ಅನ್ನುವುದನ್ನು ಅಪ್ಪ ಅವಳ ಬಾಯಿಂದ ಕಿತ್ತು ಹಾಕಿದ್ದ. ಅವನು ‘ಬಾ’ ಅಂದದ್ದು ಕೇಳಿ ಆ ಹೊರಗಿನವನು, ಸರಿ, ಈಕೆ ಇಳಿಯಲು ಹೊರಟಿದ್ದಾಳೆ, ಕೆಳಗಿನವರೂ ಕರೆದರು ಅಂದುಕೊಂಡ. ನಿಮ್ಮ ಹಿಂದೆ ಬರ್ತೀನಿ ಅಂದ. ನಿಲ್ದಾಣದ ಕಡೆಗೆ ಹೋಗುವ ವಿಮಾನದ ಬಾಲ ಹುಡುಕುತ್ತ ಕೂತ. ಅವನ ಮಾತು ಕೇಳಿ ಇವಳು ಏನು ಮಾಡಿರಬೇಕು? ಸರಿ ಎಂದು ಹೇಳಿ, ನನ್ನ ಹಿಂದೆ ಉತ್ತರಕ್ಕೆ ಯಾರಪ್ಪಾ ಹೊರಟವರು ಎಂದು ತಿರುಗಿ ನೋಡಿರಬೇಕು. ಮುಂದಿನ ಗಾಜಿನಲ್ಲಿ ಚುಕ್ಕೆ ನಿಂತಲ್ಲೇ ನಿಂತು ದಪ್ಪವಾಗುತ್ತಿತ್ತು. ಗಾಜು ಥಳಥಳ ಅನ್ನುತ್ತಿತ್ತು, ಅವನೇ ಒರೆಸಿದ್ದ.

ಆ ಮೂರು ಮಾತೂ ನಿಜ. ಮೇಸ್ತ್ರಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಅಳು ಬಂತೆಂದಲ್ಲ, ಬಾಯನ್ನೇ ನಂಬಲಾಗಲಿಲ್ಲ.

ಕೂಡಲೇ ಓಡಿಹೋಗಿ ಆಕೆಯನ್ನು ನಿಲ್ಲಿಸಬಹುದಿತ್ತು, ಬಸ್ಸು ಇನ್ನೂ ಬಂದಿರಲಿಲ್ಲ. ಅವನು ಎದ್ದೇಳಲಿಲ್ಲ. ಏಳು ದಿನ ಇದನ್ನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಹೇಳಿದರೆ ವರದಿಯಲ್ಲಿ ಏನೆಂದು ಬರೆಯುತ್ತಾರೆ? ಮಹಿಳಾ ಪೈಲಟ್ ದಿಕ್ಕು ತಿಳಿಸಲಿಲ್ಲ, ತಪ್ಪು ತಿಳಿವಳಿಕೆಯಾಗುವಂಥ ಪದ ಬಳಸಿದರು. ಹತ್ತು ಜನಕ್ಕೆ ಕಲಿಸಿದವಳ ಮೇಲೆ ಅದು ಕೊನೆಯ ಮಾತಾಗಿ ಉಳಿಯುತ್ತದೆ. ಇನ್ನೂ ಒಂದು ಸಂಗತಿ ಇತ್ತು, ಅದರ ಹತ್ತಿರ ಹೋಗಲೇ ಅವನಿಗೆ ಧೈರ್ಯ ಸಾಲದು. ಹೇಳದಿದ್ದರೆ ಕೊಂದವನು ದನದ ಡಾಕ್ಟರು. ಹೇಳಿದರೆ ಯಾರು?

ಆರನೇ ದಿನ ಔಷಧಿ ಅಂಗಡಿಯ ಯಜಮಾನಿ ಡಬ್ಬಿಯಲ್ಲಿ ಊಟ ತಂದಳು. ಮೇಡಂ ಹೋದ ಮೇಲೆ ದಿನಾ ತರುತ್ತಿದ್ದಳು. ಜೊತೆಗೆ ನಿದ್ದೆಗೆ, ರಕ್ತದೊತ್ತಡಕ್ಕೆ, ಹೊಟ್ಟೆಗೆ ಎಂದು ಗುಳಿಗೆ. ಅಷ್ಟನ್ನೂ ನುಂಗಿದರೆ ಊಟಕ್ಕೆ ಜಾಗ ಉಳಿಯುತ್ತಿರಲಿಲ್ಲ.

“ನಾನು ಅವಳಿಗೆ ಬಾ ಅಂತಿದ್ದದ್ದು ನಿಂಗೆ ಗೊತ್ತಿತ್ತಲ್ಲ,” ಅಂದ ಮೇಸ್ತ್ರಿ, ಡಬ್ಬಿ ಮುಟ್ಟದೆ.

“ಗೊತ್ತಿಲ್ದೆ ಏನು ಮಾವ. ಹನ್ನೊಂದೂ ಜನಕ್ಕೆ ಗೊತ್ತು.”

“ತನಿಖೆಯೋರಿಗೆ ಯಾರೂ ಹೇಳ್ಲಿಲ್ವಾ?”

ಅವಳು ಗುಳಿಗೆಯ ಚೀಟಿಯನ್ನು ಮಡಿಸಿ ಬಿಡಿಸಿ ಮಾಡಿದಳು. “ಯಾರೂ ಕೇಳ್ಲಿಲ್ಲ. ಕೇಳಿದ್ರೂ… ಅದೇನು ಹೇಳೋ ವಿಷಯ ಮಾವ? ಅಪ್ಪ ಮಗಳನ್ನ ಕಳಿಸಿಕೊಡೋದು.”

ಅವಳಿಗೂ ಇನ್ನೂ ಹೊಳೆದಿರಲಿಲ್ಲ. ಯಾರಿಗೂ ಹೊಳೆಯುವುದಿಲ್ಲ ಎಂದು ಮೇಸ್ತ್ರಿಗೆ ಆಗ ಗೊತ್ತಾಯಿತು. ತಾನು ಸುಮ್ಮನಿದ್ದರೆ ಅದು ಹಾಗೇ ಮಣ್ಣಾಗುತ್ತದೆ. ಎಲ್ಲೋ ಒಂದು ಮನೆಯಲ್ಲಿ ಒಬ್ಬ ಊಟ ಬಿಟ್ಟು, ತನಗೆ ಹುಚ್ಚು ಹಿಡಿದಿದೆಯೇ ಎಂದು ಅಕ್ಕನನ್ನು ಕೇಳುತ್ತ ಕೂತಿರುತ್ತಾನೆ. ಪುಟ್ಟಿ ಇದ್ದಿದ್ದರೆ ಏನನ್ನುತ್ತಿದ್ದಳು? ಅನುಮಾನವಿದ್ದರೆ ಇನ್ನೊಂದು ಸಲ ಕೇಳಿ, ನಾಚಿಕೆಪಡಬೇಡಿ ಅನ್ನುತ್ತಿದ್ದಳು. ಕೇಳಲು ಅವಳೂ ಉಳಿದಿಲ್ಲ.

ವಿಚಾರಣೆ ನಡೆದದ್ದು ಪಟ್ಟಣದ ಒಂದು ಸರ್ಕಾರಿ ಕಟ್ಟಡದ ಎರಡನೇ ಮಹಡಿಯಲ್ಲಿ. ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು, ಮುಚ್ಚಳವಿಲ್ಲದ ನೀರಿನ ಜಗ್ಗು. ಅಧಿಕಾರಿ ನಡುವೆ, ಪಕ್ಕದಲ್ಲಿ ಆಡಿದ್ದನ್ನೆಲ್ಲ ಟೈಪು ಮಾಡಿಕೊಳ್ಳುವಾಕೆ. ಎದುರು ಸಾಲಿನಲ್ಲಿ ದನದ ಡಾಕ್ಟರು ಊರುಗೋಲನ್ನು ಗೋಡೆಗಾನಿಸಿ ಕೂತಿದ್ದ. ಮೇಸ್ತ್ರಿ ಅವನ ಮುಖವನ್ನು ನೋಡಿದ್ದು ಅದೇ ಮೊದಲು. ನಾಲ್ಕು ತಿಂಗಳು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮುಖಕ್ಕೂ ಇದಕ್ಕೂ ಏನೇನೂ ಹೋಲಿಕೆ ಇರಲಿಲ್ಲ. ಕೆನ್ನೆ ಬತ್ತಿದ್ದ, ಉಗುರು ಕಚ್ಚಿಕೊಂಡಿದ್ದ ಒಬ್ಬ ಸಾಧಾರಣ ಮನುಷ್ಯ. ಅಕ್ಕ ಅವನ ತೋಳು ಹಿಡಿದು ಕೂತಿದ್ದಳು.

“ನಿಮ್ಮ ಹಿಂದಿನ ಹೇಳಿಕೇನ ಓದಿ ಹೇಳ್ತೀನಿ, ಸರಿ ಇದ್ರೆ ಸಹಿ ಮಾಡಿ,” ಅಂದರು ಅಧಿಕಾರಿ.

“ಓದೋದು ಬೇಡ ಸಾರ್. ಅದು ಸರಿ ಇಲ್ಲ.”

ಪೆನ್ನಿನ ಮುಚ್ಚಳ ಬಾಯಿಂದ ಕೆಳಗೆ ಬಂತು.

“ಅವಳು ಹೊರಡ್ತೀನಿ ಅನ್ಲಿಲ್ಲ. ಬರ್ತೀನಿ ಅಂದ್ಲು. ನಾವು ಮನೇಲಿ ಹಂಗೇ ಅನ್ನೋದು. ಹೋಗ್ತೀನಿ ಅನ್ನಬಾರ್ದು ಅಂತ ನಾನೇ ಬೈದು ಕಲಿಸಿದ್ದೆ. ಎತ್ತ ಕಡೆ ಅಂತ ಅವಳು ಹೇಳ್ಲಿಲ್ಲ. ತಪ್ಪು ಅವಳದ್ದಲ್ಲ, ನನ್ನ ಸಮಾಧಾನಕ್ಕೆ ಆ ಮಾತು ಅಲ್ಲಿ ಬಂತು.” ಉಸಿರು ತೆಗೆದುಕೊಂಡ. “ಆಮೇಲೆ ನಾನು ರೇಡಿಯೊ ತಗೊಂಡು ಬಾ ಅಂದೆ. ನಂಗೆ ಪರವಾನಗಿ ಇಲ್ಲ. ಆದ್ರೂ ಅಂದೆ. ಡಾಕ್ಟ್ರಿಗೆ ಕೇಳಿಸಿದ್ದು ನಿಜ. ಅವರು ಹೇಳಿದ್ದೆಲ್ಲ ನಿಜ ಸಾರ್.”

ಟೈಪು ಮಾಡುತ್ತಿದ್ದಾಕೆಯ ಬೆರಳು ನಿಂತಿತ್ತು. ಆಕೆ ಅಧಿಕಾರಿಯನ್ನು ನೋಡಿದಳು, ಮೇಸ್ತ್ರಿಯನ್ನು ನೋಡಿದಳು, ಸಂಕೋಚದಿಂದ ಕೇಳಿದಳು.

“ಇದನ್ನ ಹೇಗೆ ಹಾಕ್ಲಿ? ಮಗಳನ್ನ ಕರೆದೆ ಅಂತ ಹಾಕ್ಲಾ, ಕಳಿಸ್ದೆ ಅಂತ ಹಾಕ್ಲಾ?”

ಮೇಸ್ತ್ರಿ ಆಕೆಯ ನಿಂತ ಬೆರಳುಗಳನ್ನು ನೋಡಿದ. ಹನ್ನೆರಡು ವರ್ಷ ಆ ಮಾತು ಅವಳನ್ನು ಕರೆದು ಮನೆಗೆ ತಂದಿತ್ತು.

“ಕಳಿಸ್ದೆ ಅಂತ ಹಾಕಿ,” ಅಂದ.

ಆಮೇಲೆ ಏನೇನೋ ಕಾಗದ, ಏನೇನೋ ಸಹಿ. ಡಾಕ್ಟರ ಮೇಲೆ ಕೇಸು ಹೂಡುವ ಮಾತು ಬಿದ್ದುಹೋಯಿತು. ಇನ್ನು ಮುಂದೆ ಆ ಚಾನೆಲ್ಲಿನಲ್ಲಿ ದಿಕ್ಕನ್ನು ಎರಡೆರಡು ಸಲ ಹೇಳಬೇಕು, ಹೋಗುವವರು ಹೋಗ್ತಿದ್ದೀನಿ ಅಂತಲೇ ಹೇಳಬೇಕು ಎಂದು ಅಧಿಕಾರಿ ಬರೆಸಿದರು. ಪರವಾನಗಿ ಇಲ್ಲದೆ ಮಾತಾಡಿದ್ದಕ್ಕೆ ಮೇಸ್ತ್ರಿಗೆ ಒಂದು ಎಚ್ಚರಿಕೆಯ ಪತ್ರ. ಅಷ್ಟೇನಾ ಎಂದು ಅವನು ಎರಡು ಸಲ ಕೇಳಿದ. ಅಷ್ಟೆ ಎಂದರು.

ಹೊರಗೆ ವರಾಂಡದಲ್ಲಿ ದನದ ಡಾಕ್ಟರು ಊರುಗೋಲಿನ ಮೇಲೆ ಕಾದು ನಿಂತಿದ್ದ. ಮೇಸ್ತ್ರಿಯನ್ನು ಕಂಡು ಒಂದು ಹೆಜ್ಜೆ ಮುಂದೆ ಬಂದು ಕೇಳಿದ.

“ಅವರು ಹಿಂದೆ ತಿರುಗಿ ನೋಡ್ತಿದ್ರಲ್ಲ… ನನ್ನನ್ನೇ ಹುಡುಕ್ತಿದ್ರು ಅಲ್ವಾ?”

“ಹೌದಪ್ಪ. ಹಿಂದೆ ಬರ್ತೀನಿ ಅಂದೆಯಲ್ಲ. ನಿಂಗೆ ತಾಗಬಾರದು ಅಂತ ಹುಡುಕ್ತಿದ್ಲು.”

ಡಾಕ್ಟರು ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಮೇಸ್ತ್ರಿಗೆ ಅವನ ಬೆನ್ನ ಮೇಲೆ ಕೈಯಿಡಬೇಕೆನಿಸಿತು, ಇಟ್ಟ. ಇಷ್ಟು ದಿನ ಹಿಡಿದುಕೊಂಡಿದ್ದ ಸಿಟ್ಟು ಅಲ್ಲೇ ಮುಗಿಯಿತು, ಅದರ ಜಾಗಕ್ಕೆ ಬಂದದ್ದನ್ನು ಹೊರುವುದು ಅದಕ್ಕಿಂತ ಕಷ್ಟವಾಯಿತು. ಕೊನೆಗೆ ಅಕ್ಕ ತಮ್ಮನ ತೋಳು ಹಿಡಿದು ಹೊರಡಿಸಿದಳು. ಮೆಟ್ಟಿಲ ಹತ್ತಿರ ತಿರುಗಿ, ಅಭ್ಯಾಸಬಲದಿಂದ ತುಟಿ ಕೂಡಿಸಿದಳು. ಆದರೆ ಮಾತು ಹೊರಡಲಿಲ್ಲ. ಕೈ ಮುಗಿದು ಇಳಿದುಹೋದಳು.

ಮರುವಾರ ಮೇಸ್ತ್ರಿ ಶೆಡ್ಡಿನ ಬಾಗಿಲಿಗೆ ಬಿಳಿ ಬಣ್ಣದಲ್ಲಿ ಹೊಸ ನಿಯಮವನ್ನು ತಾನೇ ಬರೆದ. ಅಕ್ಷರ ಸೊಟ್ಟಗಾಯಿತು. ಎಲ್ಲಿದ್ದೀಯ, ಎಷ್ಟು ಎತ್ತರ, ಎತ್ತ ಕಡೆ. ಎತ್ತ ಕಡೆ ಅನ್ನುವುದನ್ನು ಎರಡು ಸಲ ಬರೆದ. ಬರೆದು ಮುಗಿಸಿ, ನಾಲ್ಕು ತಿಂಗಳಿಂದ ಮುಟ್ಟದೆ ಬಿಟ್ಟಿದ್ದ ಕೈರೇಡಿಯೊದ ಧೂಳು ಒರೆಸಿ ಚಾಲೂ ಮಾಡಿದ. ಆ ಬೆಳಿಗ್ಗೆ ಔಷಧಿ ಅಂಗಡಿಯ ಯಜಮಾನಿ ಮೊದಲ ಸಲ ಒಬ್ಬಳೇ ಉತ್ತರದ ನಿಲ್ದಾಣಕ್ಕೆ ಹೊರಟಿದ್ದಳು. ಹತ್ತುವ ಮುಂಚೆ ಅವನ ಹತ್ತಿರ ಬಂದು ನಿಂತು, ಏನು ಹೇಳಬೇಕೆಂದು ತೋಚದೆ, “ಗುಳಿಗೆ ತಗೊಂಡ್ರಾ ಮಾವ?” ಎಂದು ಕೇಳಿ ಹೋಗಿದ್ದಳು.

ರೇಡಿಯೊ ಕರಕರ ಅಂದಿತು. ಅವಳದೇ ಧ್ವನಿ.

“ನೀರಿನ ಟ್ಯಾಂಕ್ ಮೇಲೆ, ಸಾವಿರ ಅಡಿ. ಉತ್ತರಕ್ಕೆ ಹೋಗ್ತಿದ್ದೀನಿ. ಉತ್ತರಕ್ಕೆ ಹೋಗ್ತಿದ್ದೀನಿ.”

ಬಿಡ್ತು ಅನ್ನು ಎಂದು ನಾಲಗೆಯ ತುದಿಗೆ ಬಂದದ್ದನ್ನು ಮೇಸ್ತ್ರಿ ನುಂಗಿದ. ಬಾಗಿಲಿನಿಂದ ಕಾಣುವ ಆಕಾಶ ಖಾಲಿಯಿತ್ತು, ಟ್ಯಾಂಕಿನ ಮೇಲೆ ಒಂದೇ ಒಂದು ಚುಕ್ಕೆ ಮಾತ್ರ ಸರಿಯುತ್ತ ಸಣ್ಣದಾಗುತ್ತಿತ್ತು. ಅವನ ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಗಿ ಕೂತಿತ್ತು. ಅವನು ಅದನ್ನು ಇನ್ನೊಂದು ಕೈಯಿಂದ ಹಿಡಿದು ಎತ್ತಿದ, ರೇಡಿಯೊವನ್ನು ಮೊಳೆಗೆ ಸಿಕ್ಕಿಸಿದ, ಶೆಡ್ಡಿನಿಂದ ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ಉತ್ತರದ ಕಡೆ ನೋಡಿದ. ಆಮೇಲೆ, ಯಾರಿಗೂ ಕೇಳಿಸದ ಹಾಗೆ, ಹೇಳಿದ.

“ಬಾ ಪುಟ್ಟಿ.”